ಯಜಮಾನ ಒಬ್ಬ, ನೆಂಟ ತಿಂಗಳಿಗೊಬ್ಬ: ಹಳೇ ಟೀಮ್-ಅಪ್ ಕಾಮಿಕ್ಸ್‌ನ ಯಾವ ಸಂಪುಟ ಕೊಳ್ಳುವುದು?

"ಆಮ್ನಿಬಸ್ ತಗೊಳ್ಲಾ, ಎಪಿಕ್ ಸಾಕಾ?" ಕಾಮಿಕ್ಸ್ ಹುಚ್ಚು ಹೊಸದಾಗಿ ಹತ್ತಿದವರು ಮೊದಲು ಕೇಳುವುದೇ ಇದು: ಹಳೇ ಸಂಚಿಕೆಗಳನ್ನು ಒಟ್ಟುಹಾಕಿ ಮರುಮುದ್ರಿಸಿದ ಸಂಪುಟಗಳಲ್ಲಿ ಇಟ್ಟಿಗೆಯಂಥ ದಪ್ಪನೆಯದೋ, ಮೆತ್ತನೆ ರಟ್ಟಿನದೋ. ಬೇರೆ ಕಾಮಿಕ್ಸ್ ಆಗಿದ್ದರೆ ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಟೀಮ್-ಅಪ್ ಕಾಮಿಕ್ಸ್ ವಿಷಯದಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಇವು ಧಾರಾವಾಹಿಗಳೇ ಅಲ್ಲ. ಮನೆ ಅಂದರೆ ಪತ್ರಿಕೆ; ಅದರ ಯಜಮಾನ ಒಬ್ಬನೇ ಸೂಪರ್‌ಹೀರೊ, ನೆಂಟ ಮಾತ್ರ ತಿಂಗಳಿಗೊಬ್ಬ. ನೆಂಟ ಬರುತ್ತಾನೆ, ಇಬ್ಬರೂ ಏನೋ ತಪ್ಪು ತಿಳಿದು ಮೊದಲು ನಾಲ್ಕು ಗುದ್ದಾಡಿಕೊಳ್ಳುತ್ತಾರೆ, ಆಮೇಲೆ ಸೇರಿಕೊಂಡು ಖಳನನ್ನು ಬಡಿಯುತ್ತಾರೆ, ನೆಂಟ ಹೊರಡುತ್ತಾನೆ. ಅಂಗಡಿಯ ಸ್ಟ್ಯಾಂಡಿನಲ್ಲಿ ಕೈಗೆ ಸಿಕ್ಕ ಒಂದು ಸಂಚಿಕೆ ಕೊಂಡು ಹೋದ ಹುಡುಗನಿಗೂ ಕಥೆ ಪೂರ್ತಿ ದಕ್ಕಬೇಕು ಅನ್ನುವ ಲೆಕ್ಕದಲ್ಲಿ ಕಟ್ಟಿದ ಪತ್ರಿಕೆಗಳು ಇವು.

ಹಾಗಾಗಿ "ಒಂದರಿಂದ ಕೊನೆಯವರೆಗೆ ಪೂರ್ತಿ ಸೆಟ್ ಬೇಕು" ಅನ್ನುವ ಹಟ ಇಲ್ಲಿ ದುಡ್ಡಿಗೆ ದಂಡ. ಯಾರು ಬರೆದ, ಯಾರು ಚಿತ್ರ ಹಾಕಿದ ಕಾಲದ ಸಂಚಿಕೆಗಳು ಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಯಾವ ಅಚ್ಚು, ಯಾವ ರಟ್ಟು ಅನ್ನುವುದು ಆಮೇಲಿನ ಮಾತು.

ದೊಡ್ಡ ಮನೆಗಳು ನಾಲ್ಕು, ಎಲ್ಲ ಅಮೆರಿಕದ ಎರಡು ಕಾಮಿಕ್ಸ್ ಪ್ರಕಾಶಕರಾದ ಡಿಸಿ ಮತ್ತು ಮಾರ್ವೆಲ್‌ನವು. ಡಿಸಿಯ 'ದಿ ಬ್ರೇವ್ ಅಂಡ್ ದಿ ಬೋಲ್ಡ್' ಎಲ್ಲಕ್ಕಿಂತ ಹಿರಿಯದು. 1955ರಲ್ಲಿ ವೈಕಿಂಗ್ ರಾಜಕುಮಾರ, ಗ್ಲಾಡಿಯೇಟರ್ ಇಂಥವರ ಸಾಹಸಕಥೆಗಳ ಪತ್ರಿಕೆಯಾಗಿ ಶುರುವಾಗಿ, 1960ರಲ್ಲಿ 28ನೇ ಸಂಚಿಕೆಯಲ್ಲಿ ಜಸ್ಟಿಸ್ ಲೀಗ್ ಅನ್ನುವ ಸೂಪರ್‌ಹೀರೊ ತಂಡವನ್ನು ಮೊದಲ ಸಲ ತೋರಿಸಿ, 50ನೇ ಸಂಚಿಕೆಯಿಂದ ಜೋಡಿ ಕಥೆಗಳಿಗೆ ಹೊರಳಿತು. 74ರಿಂದ ಮುಂದಕ್ಕೆ ಬ್ಯಾಟ್‌ಮನ್ನೇ ಯಜಮಾನ. 1983ರಲ್ಲಿ 200ನೇ ಸಂಚಿಕೆಗೆ ಬಾಗಿಲು ಹಾಕಿತು. 'ಮಾರ್ವೆಲ್ ಟೀಮ್-ಅಪ್' 1972ರಿಂದ 1985ರವರೆಗೆ 150 ಸಂಚಿಕೆ. ಯಜಮಾನ ಸ್ಪೈಡರ್‌ಮ್ಯಾನ್, ಅವನು ರಜೆ ಹಾಕಿದ ಕೆಲವು ತಿಂಗಳು ಹ್ಯೂಮನ್ ಟಾರ್ಚ್ ಅಥವಾ ಹಲ್ಕ್. 'ಮಾರ್ವೆಲ್ ಟು-ಇನ್-ಒನ್' 1974ರಿಂದ 1983, ಸರಿಯಾಗಿ 100 ಸಂಚಿಕೆ. ಯಜಮಾನ ಫೆಂಟಾಸ್ಟಿಕ್ ಫೋರ್‌ನ ಕಲ್ಲುಮೈ ಬೆನ್ ಗ್ರಿಮ್, ಅಂದರೆ ದಿ ಥಿಂಗ್. ಸೂಪರ್‌ಮ್ಯಾನ್‌ನ 'ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್' 1978ರಿಂದ 1986, 97 ಸಂಚಿಕೆ.

ಅಚ್ಚಿನ ತರಾವರಿ

ಅಗ್ಗದ್ದರಿಂದ ಶುರು ಮಾಡೋಣ. ಮಾರ್ವೆಲ್ 1996ರಲ್ಲಿ 'ಎಸೆನ್ಶಿಯಲ್' ಅಂತ, ಡಿಸಿ 2005ರಲ್ಲಿ 'ಶೋಕೇಸ್ ಪ್ರೆಸೆಂಟ್ಸ್' ಅಂತ ಸಾಲು ತೆಗೆದವು. ಐನೂರು ಪುಟದ ದಪ್ಪ ಪುಸ್ತಕ, ಒಳಗೆಲ್ಲ ಕಪ್ಪು-ಬಿಳುಪು, ಕಾಗದ ಹೆಚ್ಚುಕಡಿಮೆ ದಿನಪತ್ರಿಕೆಯದೇ. ಹಿಂಬದಿಯಲ್ಲಿ ಅಚ್ಚಾದ ಬೆಲೆ ಬಹುಪಾಲು 17ರಿಂದ 20 ಡಾಲರ್. ಎರಡೂ ಸಾಲು ನಿಂತು ವರ್ಷಗಳಾದವು, ಈಗ ಸೆಕೆಂಡ್ ಹ್ಯಾಂಡೇ ಗತಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹಳೇ ಪುಸ್ತಕ ತಡಕಾಡುವ ಚಟ ಇದ್ದರೆ ಕಣ್ಣಿಟ್ಟಿರಿ. ಬೆನ್ನು ಬಿಳಿಚಿಕೊಂಡು ಯಾವುದೋ ಮೂಲೆಯಲ್ಲಿ ಕೂತಿರುತ್ತವೆ.

ಬಣ್ಣದ್ದು ಬೇಕೆಂದರೆ ಮಾರ್ವೆಲ್‌ನಲ್ಲಿ ಮೂರು ಮೆಟ್ಟಿಲು. 'ಮಾಸ್ಟರ್‌ವರ್ಕ್ಸ್' 1987ರಿಂದ ಬರುತ್ತಿರುವ ಗಟ್ಟಿ ರಟ್ಟಿನ ಪುಸ್ತಕ, ಒಂದರಲ್ಲಿ ಹತ್ತು-ಹನ್ನೆರಡು ಸಂಚಿಕೆ. ಬೆಲೆಗೆ ಹೋಲಿಸಿದರೆ ಪುಟ ಕಮ್ಮಿ. 'ಎಪಿಕ್ ಕಲೆಕ್ಷನ್' 2013ರಲ್ಲಿ ಶುರುವಾದ ಮೆತ್ತನೆ ರಟ್ಟಿನ ಸಾಲು, ನಾನೂರು-ಐನೂರು ಪುಟ. ಇದರ ಸಂಪುಟಗಳು ಕ್ರಮವಾಗಿ ಬರುವುದಿಲ್ಲ: ಮೊದಲು ನಾಲ್ಕನೆಯದು, ಆಮೇಲೆ ಒಂದನೆಯದು, ಹೀಗೆ. ಕ್ರಮದ ಹುಚ್ಚಿರುವವರಿಗೆ ತಲೆಬಿಸಿ, ಟೀಮ್-ಅಪ್ ಓದುವವರಿಗೆ ಏನೂ ತೊಂದರೆಯಿಲ್ಲ. ಮೂರನೆಯದು 'ಆಮ್ನಿಬಸ್', ಎಂಟುನೂರರಿಂದ ಸಾವಿರ ಪುಟ ದಾಟುವ ಇಟ್ಟಿಗೆ, ನೂರು ಡಾಲರ್ ಮೇಲಿನ ಮಾತು. ಡಿಸಿಯಲ್ಲೂ ಆಮ್ನಿಬಸ್ ಇದೆ. 2024ರ ಕೊನೆಗೆ ಎಪಿಕ್‌ಗೆ ಸರಿಸಾಟಿಯಾಗಿ 'ಡಿಸಿ ಫೈನೆಸ್ಟ್' ಅನ್ನುವ ಮೆತ್ತನೆ ರಟ್ಟಿನ ಬಣ್ಣದ ಸಾಲೂ ಹೊರಟಿದೆ, 40 ಡಾಲರ್ ಸುಮಾರು.

ಬಣ್ಣ ಇದ್ದರೆ ಒಳ್ಳೆಯದು ಅಂತ ಕಣ್ಣುಮುಚ್ಚಿ ನಂಬಬೇಡಿ. ಆ ಕಾಲದ ಬಣ್ಣಗಾರರು ಒರಟು ನ್ಯೂಸ್‌ಪ್ರಿಂಟ್ ನಂಬಿ ಬಣ್ಣ ಹಾಕುತ್ತಿದ್ದರು. ಆ ಕಾಗದ ಶಾಯಿ ಕುಡಿದು, ಚುಕ್ಕಿಗಳೆಲ್ಲ ಬೆರೆತು, ಹಳದಿ-ಕೆಂಪು ಒಂದು ಹದಕ್ಕೆ ಬರುತ್ತಿದ್ದವು. ಅದೇ ಬಣ್ಣವನ್ನು ಬೆಳ್ಳಗೆ ಹೊಳೆಯುವ ಕಾಗದದ ಮೇಲೆ ಅಚ್ಚೊತ್ತಿದರೆ ಕಣ್ಣಿಗೆ ಕುಕ್ಕುತ್ತದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಓದುವವರಿಗಂತೂ ಪುಟ ಓರೆ ಮಾಡಿ ಮಾಡಿ ಕತ್ತು ನೋವು. ಎಪಿಕ್‌ನ ಕಾಗದ ಅಷ್ಟು ಹೊಳೆಯುವುದಿಲ್ಲ, ಹಾಗಾಗಿ ಬಣ್ಣದ ಅಚ್ಚುಗಳಲ್ಲಿ ನನ್ನ ಓಟು ಅದಕ್ಕೇ.

ಬ್ಯಾಟ್‌ಮನ್ ಮನೆ

ನಾಲ್ಕರಲ್ಲಿ ನನಗೆ ಹತ್ತಿರದ್ದು ಇದು. ಬಹುಪಾಲು ಬರೆದವನು ಬಾಬ್ ಹೇನಿ. ಹಿಂದಿನ ತಿಂಗಳು ಬೇರೆ ಪತ್ರಿಕೆಯಲ್ಲಿ ಬ್ಯಾಟ್‌ಮನ್‌ಗೆ ಏನಾಯಿತು ಅನ್ನುವ ಚಿಂತೆಯೇ ಇಲ್ಲದ ಮನುಷ್ಯ. ಎರಡನೇ ಮಹಾಯುದ್ಧದ ಸಾರ್ಜೆಂಟ್ ರಾಕ್ ಎಪ್ಪತ್ತರ ದಶಕದಲ್ಲಿ ಬ್ಯಾಟ್‌ಮನ್ ಜೊತೆ ಓಡಾಡಬೇಕೇ? ಓಡಾಡಲಿ ಬಿಡಿ. ಅಭಿಮಾನಿಗಳು ತಮಾಷೆಗೆ ಇವನ ಕಥೆಗಳಿಗೇ ಬೇರೊಂದು ಭೂಮಿ ಇದೆ ಅಂತ ಹೆಸರಿಟ್ಟರು. 1976ರ 124ನೇ ಸಂಚಿಕೆಯಲ್ಲಿ ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. ಬ್ಯಾಟ್‌ಮನ್ ಮತ್ತು ಸಾರ್ಜೆಂಟ್ ರಾಕ್‌ನ ಬೆನ್ನು ಹತ್ತಿದ ಖಳರು ಕಥೆಯೊಳಗಿಂದಲೇ ಹೊರಟು, ಚಿತ್ರಗಾರ ಜಿಮ್ ಅಪಾರೊನ ಮನೆಗೆ ನುಗ್ಗಿ, "ಬ್ಯಾಟ್‌ಮನ್ ಸಾಯುವ ಹಾಗೆ ಬರಿ" ಅಂತ ಬಂದೂಕು ಹಿಡಿಯುತ್ತಾರೆ. ಆ ಪುಟಗಳಿಗೆ ಚಿತ್ರ ಹಾಕಿದವನು ಅದೇ ಅಪಾರೊ.

ಅಪಾರೊ 98ನೇ ಸಂಚಿಕೆಗೆ ಬಂದ. ಪೆನ್ಸಿಲ್, ಇಂಕು, ಕೊನೆಗೆ ಮಾತಿನ ಗುಳ್ಳೆಯೊಳಗಿನ ಅಕ್ಷರ, ಮೂರೂ ಅವನ ಕೈಯದೇ. ಸಾಮಾನ್ಯವಾಗಿ ಇದು ಮೂರು ಜನರ ಕೆಲಸ. ಇದಕ್ಕೇ ಅಪಾರೊನನ್ನು ಕಪ್ಪು-ಬಿಳುಪಿನಲ್ಲಿ ನೋಡಬೇಕು ಅನ್ನುವುದು. ಶೋಕೇಸ್ ಎರಡನೇ ಸಂಪುಟದಲ್ಲಿ 100ನೇ ಸಂಚಿಕೆ ತೆಗೆಯಿರಿ: ಎದೆಯಲ್ಲಿ ಗುಂಡು ಹೊಕ್ಕು ಗಾಲಿಕುರ್ಚಿ ಹಿಡಿದ ಬ್ಯಾಟ್‌ಮನ್, ಕೂತಲ್ಲಿಂದಲೇ ರಾಬಿನ್, ಗ್ರೀನ್ ಲ್ಯಾಂಟರ್ನ್, ಗ್ರೀನ್ ಆ್ಯರೊ, ಬ್ಲ್ಯಾಕ್ ಕೆನರಿಯನ್ನು ಓಡಾಡಿಸುತ್ತಾನೆ. ಕುರ್ಚಿಯ ಸುತ್ತ ಅಪಾರೊ ತುಂಬಿದ ಕಪ್ಪು, ಮುಖದ ಮೇಲೆ ಎಳೆದ ಸಣ್ಣ ಗೀರು, ಒಂದೂ ಮುಚ್ಚಿಹೋಗಿಲ್ಲ. ಬಣ್ಣದ ಪುಟದಲ್ಲಿ ಅದೇ ಜಾಗಕ್ಕೆ ನೀಲಿ ಬಳಿದಿರುತ್ತಾರೆ.

ಶೋಕೇಸ್‌ನಲ್ಲಿ ಈ ಪತ್ರಿಕೆಯದು ಮೂರು ಸಂಪುಟ. ಮೊದಲನೆಯದು 59ರಿಂದ 87ರವರೆಗಿನ ಬ್ಯಾಟ್‌ಮನ್ ಕಥೆಗಳು, ಎರಡನೆಯದು 88ರಿಂದ 108, ಮೂರನೆಯದು 109ರಿಂದ 134. ನೀಲ್ ಆಡಮ್ಸ್ ಚಿತ್ರ ಹಾಕಿದ 79ರಿಂದ 86 ಮೊದಲನೆಯದರಲ್ಲೇ ಇವೆ. ಗ್ರೀನ್ ಆ್ಯರೊಗೆ ಈಗ ನಾವು ನೋಡುವ ಗಡ್ಡದ ರೂಪ ಬಂದದ್ದು ಅಲ್ಲಿಯ 85ರಲ್ಲಿ. ಬಣ್ಣದ 'ಬ್ರಾಂಜ್ ಏಜ್' ಆಮ್ನಿಬಸ್ ಮೂರು ಸಂಪುಟದಲ್ಲಿ 74ರಿಂದ 200ರವರೆಗೆ ಮುಗಿಸುತ್ತದೆ. ಅಂದರೆ 74ಕ್ಕಿಂತ ಹಿಂದಿನ ಕೆಲವು ಬ್ಯಾಟ್‌ಮನ್ ಕಥೆ ಶೋಕೇಸ್‌ನಲ್ಲಿ ಇವೆ, ಈ ಆಮ್ನಿಬಸ್‌ನಲ್ಲಿ ಇಲ್ಲ. 134ರ ನಂತರದ್ದು ಆಮ್ನಿಬಸ್‌ನಲ್ಲಿ ಇವೆ, ಶೋಕೇಸ್‌ನಲ್ಲಿ ಇಲ್ಲ.

ಆ ನಂತರದ್ದು ಬೇಕೇ ಅನ್ನುವುದೇ ಪ್ರಶ್ನೆ. ಎರಡು ಸಂಚಿಕೆಗಾಗಿ ಬೇಕು. 197ರಲ್ಲಿ ಅಲನ್ ಬ್ರೆನರ್ಟ್ ಬರೆದ, ಮುಪ್ಪಿನ ಬ್ರೂಸ್ ವೇನ್ ತನ್ನ ಮತ್ತು ಕ್ಯಾಟ್‌ವುಮನ್‌ಳ ಮದುವೆಯ ಕಥೆ ಹೇಳಿಕೊಳ್ಳುವ ಸಂಚಿಕೆ. ಇಡೀ ಪತ್ರಿಕೆಯಲ್ಲಿ ಮನಸ್ಸು ಹಿಂಡುವ ಕಥೆ ಇದೊಂದೇ. 200ರಲ್ಲಿ ಎರಡು ಭೂಮಿಗಳ ಬ್ಯಾಟ್‌ಮನ್‌ಗಳು, ಚಿತ್ರ ಡೇವ್ ಗಿಬನ್ಸ್‌ನದು. ಎರಡು ಕಥೆಗಾಗಿ ಮೂರನೇ ಆಮ್ನಿಬಸ್ ಕೊಳ್ಳುವುದು ತೆಂಗಿನಕಾಯಿಗಾಗಿ ತೋಟ ಕೊಂಡಂತೆ. ಡಿಜಿಟಲ್‌ನಲ್ಲಿ ಬಿಡಿ ಸಂಚಿಕೆ ಕೊಂಡು ಓದಿ. ಬರೀ ಅಪಾರೊ ಸಾಕು, ಬಣ್ಣವೂ ಬೇಕು ಅನ್ನುವವರಿಗೆ 2012ರಿಂದ ಬಂದ 'ಲೆಜೆಂಡ್ಸ್ ಆಫ್ ದಿ ಡಾರ್ಕ್ ನೈಟ್: ಜಿಮ್ ಅಪಾರೊ' ಅನ್ನುವ ಗಟ್ಟಿ ರಟ್ಟಿನ ಸಂಪುಟಗಳಿವೆ. ಅದು ಚಿತ್ರಗಾರನ ಹೆಸರಲ್ಲೇ ಮಾಡಿದ ಆಯ್ಕೆ, ಟೀಮ್-ಅಪ್‌ಗೆ ಸರಿಯಾದ ದಾರಿ.

ಒಂದು ಉಪಕಥೆ. ನನ್ನ ಶೋಕೇಸ್ ಮೂರನೇ ಸಂಪುಟ ತಂಗಿ ಮಗಳ ಕೈಗೆ ಸಿಕ್ಕಿ, ಇಪ್ಪತ್ತು ಪುಟದಷ್ಟು ಬ್ಯಾಟ್‌ಮನ್‌ನ ಹೆಗಲು ಬಟ್ಟೆ ಸ್ಕೆಚ್ ಪೆನ್ನಿನ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮೊದಲು ಸಿಟ್ಟು ಬಂತು. ಆಮೇಲೆ ನೋಡಿದರೆ ಗೆರೆ ಎಲ್ಲೂ ದಾಟಿಲ್ಲ. ಮಕ್ಕಳಿರುವ ಮನೆಗೆ ಕಪ್ಪು-ಬಿಳುಪಿನ ಪುಸ್ತಕ ತರುವಾಗ ಇದು ಲಾಭವೋ ನಷ್ಟವೋ ನೀವೇ ನೋಡಿಕೊಳ್ಳಿ.

ಥಿಂಗ್ ಮನೆ

ಕಥೆಗಾಗಿ ಒಂದೇ ಪುಸ್ತಕ ಕೊಳ್ಳುವುದಾದರೆ 'ಟು-ಇನ್-ಒನ್' ಕೊಳ್ಳಿ. ಸ್ಪೈಡರ್‌ಮ್ಯಾನ್‌ಗೆ ಬೇರೆ ಪತ್ರಿಕೆಗಳಲ್ಲಿ ಸಂಸಾರ, ಕೆಲಸ, ಸಾವು-ನೋವು ಎಲ್ಲ ಇತ್ತು, ಆದ್ದರಿಂದ ಟೀಮ್-ಅಪ್‌ನಲ್ಲಿ ಅವನಿಗೆ ಏನೂ ಆಗುವಂತಿರಲಿಲ್ಲ. ಬೆನ್ ಗ್ರಿಮ್ ಹಾಗಲ್ಲ. ಫೆಂಟಾಸ್ಟಿಕ್ ಫೋರ್‌ನಲ್ಲಿ ಅವನು ನಾಲ್ವರಲ್ಲಿ ಒಬ್ಬ, ಇಲ್ಲಿ ಅವನೇ ಯಜಮಾನ. ಹಾಗಾಗಿ ಬರೆಯುವವರಿಗೆ ಅವನನ್ನು ಬೆಳೆಸಲು ಜಾಗ ಸಿಕ್ಕಿತು.

1982ರ 86ನೇ ಸಂಚಿಕೆ ನೋಡಿ. ಬರೆದದ್ದು ಟಾಮ್ ಡಿಫಾಲ್ಕೊ, ಚಿತ್ರ ರಾನ್ ವಿಲ್ಸನ್. ಸ್ಯಾಂಡ್‌ಮನ್ ಅನ್ನುವ ಹಳೇ ಖಳ ಒಂದು ಬಾರಿನಲ್ಲಿ ಕೂತಿದ್ದಾನೆ ಅಂತ ಗೊತ್ತಾಗಿ ಥಿಂಗ್ ಬಡಿಯಲು ಹೋಗುತ್ತಾನೆ. ಸ್ಯಾಂಡ್‌ಮನ್‌ಗೆ ಹೊಡೆದಾಟ ಸಾಕಾಗಿದೆ. ಆಮೇಲೆ ಇಬ್ಬರೂ ಎದುರುಬದುರು ಕೂತು ಬಿಯರ್ ಕುಡಿಯುತ್ತಾರೆ, ಒಬ್ಬ ತನ್ನ ಬಾಲ್ಯ, ತಪ್ಪಿದ ದಾರಿ ಎಲ್ಲ ಹೇಳಿಕೊಳ್ಳುತ್ತಾನೆ, ಇನ್ನೊಬ್ಬ ಕೇಳುತ್ತಾನೆ. ಕೊನೆಗೆ ಥಿಂಗ್ ಅವನನ್ನು ಹಿಡಿದುಕೊಡದೆ ಬಿಟ್ಟು ಹೋಗುತ್ತಾನೆ. ಸ್ಯಾಂಡ್‌ಮನ್ ಆಮೇಲೆ ಎಷ್ಟೋ ವರ್ಷ ಒಳ್ಳೆಯವನಾಗಿ ಬಾಳಿದ್ದಕ್ಕೆ ಬೀಜ ಈ ಬಾರಿನ ಮೇಜು. ಅದೇ ವರ್ಷದ ಏಳನೇ ವಾರ್ಷಿಕ ಸಂಚಿಕೆಯಲ್ಲಿ ಬ್ರಹ್ಮಾಂಡದ ಬಾಕ್ಸಿಂಗ್ ಚಾಂಪಿಯನ್ ಒಬ್ಬ ಭೂಮಿಗೆ ಬಂದು ಬಲಿಷ್ಠರನ್ನೆಲ್ಲ ರಿಂಗಿಗೆ ಕರೆಯುತ್ತಾನೆ. ಥಾರ್, ಹಲ್ಕ್ ಎಲ್ಲ ಒಂದಲ್ಲ ಒಂದು ಕಾರಣಕ್ಕೆ ಹೊರಬಿದ್ದ ಮೇಲೆ ಉಳಿಯುವವನು ಬೆನ್. ಮೂಳೆ ಮುರಿದರೂ ಮತ್ತೆ ಮತ್ತೆ ಏಳುತ್ತಾನೆ.

ಇವೆರಡೂ ಎಸೆನ್ಶಿಯಲ್ ನಾಲ್ಕನೇ ಸಂಪುಟದಲ್ಲಿವೆ. ಮೂರನೇ ಸಂಪುಟ ಸರಿಯಾಗಿ 53ನೇ ಸಂಚಿಕೆಗೆ ಶುರುವಾಗುತ್ತದೆ, ಅಂದರೆ 'ಪ್ರಾಜೆಕ್ಟ್ ಪೆಗಸಸ್' ಕಥೆಗೆ. ಇದು 1979ರಲ್ಲಿ ಆರು ತಿಂಗಳು ಎಳೆದ ಕಥೆ, ಧಾರಾವಾಹಿಯಲ್ಲ ಅಂತ ಮೇಲೆ ಹೇಳಿದ ಮಾತಿಗೆ ಅಪವಾದ. ಶಕ್ತಿ ಮೂಲಗಳ ಸಂಶೋಧನಾ ಕೇಂದ್ರದಲ್ಲಿ ಥಿಂಗ್ ಕಾವಲಿಗೆ ನಿಲ್ಲುತ್ತಾನೆ, ತಿಂಗಳಿಗೊಬ್ಬ ನೆಂಟ ಬಂದರೂ ಕಥೆ ಒಂದೇ. ಬರೆದವರು ಮಾರ್ಕ್ ಗ್ರೂನ್‌ವಾಲ್ಡ್ ಮತ್ತು ರಾಲ್ಫ್ ಮಾಕಿಯೊ, ಚಿತ್ರ ಮೊದಲರ್ಧ ಜಾನ್ ಬರ್ನ್, ಉಳಿದರ್ಧ ಜಾರ್ಜ್ ಪೆರೆಝ್. ಪೆರೆಝ್‌ನ ಪುಟಗಳಿಗೆ ಬಣ್ಣ ಬೇಕು. ಯಂತ್ರ, ತಂತಿ, ಗುಂಪು ಎಲ್ಲ ತುರುಕಿದ ಪುಟ ಅವನದು, ಬಣ್ಣವಿಲ್ಲದಿದ್ದರೆ ಯಾರು ಎಲ್ಲಿ ಅಂತ ಹುಡುಕಬೇಕು. ಈ ಕಥೆಯೊಂದೇ ಬಣ್ಣದಲ್ಲಿ ತೆಳ್ಳನೆಯ ಬಿಡಿ ಪುಸ್ತಕವಾಗಿ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಸಿಕ್ಕರೆ ಬಿಡಬೇಡಿ.

ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್

'ಮಾರ್ವೆಲ್ ಟೀಮ್-ಅಪ್' ಹೆಸರು ದೊಡ್ಡದು, ಆದರೆ 150ರಲ್ಲಿ ನೂರು ಸಂಚಿಕೆ ಮಾಮೂಲಿ ಸಾರು. ತೆಗೆದುಕೊಳ್ಳಬೇಕಾದದ್ದು ಕ್ರಿಸ್ ಕ್ಲೇರ್‌ಮಾಂಟ್ ಬರೆದು ಜಾನ್ ಬರ್ನ್ ಚಿತ್ರ ಹಾಕಿದ 59ರಿಂದ 70. ಇದೇ ಜೋಡಿ ಅದೇ ಹೊತ್ತಿಗೆ ಎಕ್ಸ್-ಮೆನ್ ಪತ್ರಿಕೆಯಲ್ಲೂ ಕೈಯಾಡಿಸಲು ಶುರು ಮಾಡಿತ್ತು. ಬ್ರಿಟನ್ನಿನ ಪತ್ರಿಕೆಗಳಲ್ಲಷ್ಟೇ ಇದ್ದ ಕ್ಯಾಪ್ಟನ್ ಬ್ರಿಟನ್ ಅಮೆರಿಕದ ಪತ್ರಿಕೆಗೆ ಬಂದದ್ದು, ಆರ್ಕೇಡ್ ಅನ್ನುವ ಬಾಡಿಗೆ ಹಂತಕ ಹುಟ್ಟಿದ್ದು ಇಲ್ಲಿಯ 65ರಲ್ಲಿ. ಈ ತುಣುಕು ಎಸೆನ್ಶಿಯಲ್ ಮೂರನೇ ಸಂಪುಟದಲ್ಲಿ ಪೂರ್ತಿ ಇದೆ, ಇವರಿಬ್ಬರ ಹೆಸರಿನಲ್ಲೇ ಬಂದ ಬಣ್ಣದ ಪುಸ್ತಕವೂ ಇದೆ. ಎರಡರಲ್ಲಿ ಯಾವುದು ಅಗ್ಗವೋ ಅದು. ಇದರಾಚೆಗೆ 100ನೇ ಸಂಚಿಕೆ, ಫ್ರಾಂಕ್ ಮಿಲ್ಲರ್ ಚಿತ್ರ, ಬಿಡಿಯಾಗಿ ಓದಿದರೆ ಸಾಕು.

'ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್' ಬಗ್ಗೆ ಇನ್ನೂ ಚಿಕ್ಕ ಮಾತು. ಶೋಕೇಸ್‌ನಲ್ಲಿ ಎರಡು ಸಂಪುಟ ಬಂದು ನಿಂತಿತು. ಮೊದಲನೆಯದು 1ರಿಂದ 26. ಹೊಸೆ ಲೂಯಿಸ್ ಗಾರ್ಸಿಯಾ-ಲೋಪೆಝ್ ಹಾಕಿದ ಮೊದಲ ನಾಲ್ಕು ಸಂಚಿಕೆಗಾಗಿ ಅದು ಇಟ್ಟುಕೊಳ್ಳುವಂಥದ್ದು. ಉಳಿದ ಒಳ್ಳೆಯವು ಬೇರೆ ಮನೆಗಳಲ್ಲಿ ಸಿಗುತ್ತವೆ: 26ರೊಳಗೆ ಉಚಿತವಾಗಿ ಸೇರಿಸಿದ್ದ 'ನ್ಯೂ ಟೀನ್ ಟೈಟನ್ಸ್' ಮುನ್ನೋಟ ಆ ತಂಡದ ಸಂಪುಟಗಳಲ್ಲಿದೆ, ಅಲನ್ ಮೂರ್ 85ರಲ್ಲಿ ಬರೆದ ಸೂಪರ್‌ಮ್ಯಾನ್-ಸ್ವಾಂಪ್ ಥಿಂಗ್ ಕಥೆ ಅವನ ಡಿಸಿ ಕಥೆಗಳ ಸಂಗ್ರಹದಲ್ಲಿದೆ. ಆ ಸಂಗ್ರಹ ಹೇಗೂ ಕೊಳ್ಳುತ್ತೀರಿ.

ಬಿಟ್ಟುಹೋದ ಸಂಚಿಕೆಗಳು

ಎಸೆನ್ಶಿಯಲ್ ತೆರೆದು ಸಂಖ್ಯೆ ಎಣಿಸಿದರೆ ಹಲ್ಲು ಉದುರಿದ ಬಾಯಿ ಕಾಣುತ್ತದೆ. ಟು-ಇನ್-ಒನ್‌ನಲ್ಲಿ 21 ಇಲ್ಲ, 99 ಇಲ್ಲ. ಟೀಮ್-ಅಪ್‌ನಲ್ಲಿ 74 ಇಲ್ಲ, 79 ಇಲ್ಲ. ಅಚ್ಚಿನವರ ಮರೆವಲ್ಲ ಇದು. ಆ ತಿಂಗಳ ನೆಂಟ ಬಾಡಿಗೆಯವನು. 21ರಲ್ಲಿ ಡಾಕ್ ಸ್ಯಾವೇಜ್, 99ರಲ್ಲಿ ಆಟಿಕೆ ಕಂಪನಿಯ ರೋಬೋ ರಾಮ್, 79ರಲ್ಲಿ ರೆಡ್ ಸೋನ್ಯಾ, 74ರಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಟಿವಿ ಕಾರ್ಯಕ್ರಮದ ನಟರೇ. ಇವರ ಹಕ್ಕು ಮಾರ್ವೆಲ್‌ನದಲ್ಲ, ಆ ಕಾಲಕ್ಕೆ ಬಾಡಿಗೆಗೆ ತಂದದ್ದು. ಕರಾರು ಮುಗಿದ ಮೇಲೆ ಮರುಮುದ್ರಣ ಮಾಡಬೇಕಾದರೆ ಮತ್ತೆ ಮಾತುಕತೆ. ಹಕ್ಕುಗಳು ಕೈ ಬದಲಾಯಿಸುತ್ತಲೇ ಇರುತ್ತವೆ, ಆದ್ದರಿಂದ ಹೊಸ ಅಚ್ಚು ಕೊಳ್ಳುವಾಗ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುವ ಸಂಚಿಕೆ ಸಂಖ್ಯೆಗಳನ್ನು ಓದಿ. ನಿಮಗೆ ಬೇಕಾದ ಒಂದೇ ಸಂಖ್ಯೆ ಅಲ್ಲಿಲ್ಲದಿರಬಹುದು. ಜಾನ್ ಬರ್ನ್ ಹುಚ್ಚಿರುವವರಿಗೆ 79 ಇಲ್ಲದ್ದು ನೋವೇ. ಮೇರಿ ಜೇನ್ ಕತ್ತಿ ಹಿಡಿದು ರೆಡ್ ಸೋನ್ಯಾ ಆಗುವ ಸಂಚಿಕೆ ಅದು.

ಕೂಡಾಟ

ಯಕ್ಷಗಾನದಲ್ಲಿ ಎರಡು ಮೇಳ ಒಂದೇ ರಂಗಸ್ಥಳದಲ್ಲಿ ಸೇರಿ ಆಡಿದರೆ ಕೂಡಾಟ. ಮಾರ್ವೆಲ್-ಡಿಸಿ ಅಂಥ ಕೂಡಾಟಕ್ಕೆ ಇಳಿದದ್ದು 1976ರಲ್ಲಿ, ಸೂಪರ್‌ಮ್ಯಾನ್-ಸ್ಪೈಡರ್‌ಮ್ಯಾನ್ ಕಥೆಯಲ್ಲಿ. ಮಾಮೂಲಿ ಕಾಮಿಕ್ಸ್ 25-30 ಸೆಂಟ್ ಇದ್ದಾಗ ಇದಕ್ಕೆ ಎರಡು ಡಾಲರ್, ಆಕಾರವೂ ಟ್ಯಾಬ್ಲಾಯ್ಡ್‌ನಷ್ಟು. ಆ ದೊಡ್ಡ ಹಾಳೆಗೆಂದೇ ರಾಸ್ ಆಂಡ್ರು ಹಾಕಿದ ನಗರದ ನೋಟಗಳು ಮಾಮೂಲಿ ಅಳತೆಯ ಪುಸ್ತಕದಲ್ಲಿ ಕುಗ್ಗಿಹೋಗುತ್ತವೆ. ಇಲ್ಲಿ ಮಾತ್ರ ಆಮ್ನಿಬಸ್ ಕಡೆ ನನ್ನ ಮನಸ್ಸು ವಾಲುತ್ತದೆ, ಪುಟ ಸ್ವಲ್ಪವಾದರೂ ದೊಡ್ಡದು. 2024ರಲ್ಲಿ 'ಡಿಸಿ ವರ್ಸಸ್ ಮಾರ್ವೆಲ್' ಆಮ್ನಿಬಸ್ ಬಂತು, ಜೊತೆಗೆ ಎರಡೂ ಕಂಪನಿಗಳ ನಾಯಕರನ್ನು ಬೆರೆಸಿ ಒಬ್ಬನನ್ನಾಗಿ ಮಾಡಿದ 'ಅಮಾಲ್ಗಮ್' ಕಥೆಗಳಿಗೆ ಇನ್ನೊಂದು. ಅಷ್ಟು ಬೇಡ ಅನ್ನುವವರಿಗೆ 1991ರ 'ಕ್ರಾಸ್‌ಓವರ್ ಕ್ಲಾಸಿಕ್ಸ್' ಮೊದಲ ಸಂಪುಟದಲ್ಲಿ ಹಳೆಯ ನಾಲ್ಕೂ ಕೂಡಾಟ ಇವೆ: ಸೂಪರ್‌ಮ್ಯಾನ್-ಸ್ಪೈಡರ್‌ಮ್ಯಾನ್ ಎರಡು, ಬ್ಯಾಟ್‌ಮನ್-ಹಲ್ಕ್, ಎಕ್ಸ್-ಮೆನ್-ಟೀನ್ ಟೈಟನ್ಸ್. ಕುರ್ಟ್ ಬ್ಯೂಸಿಕ್-ಪೆರೆಝ್ ಜೋಡಿಯ 'ಜೆಎಲ್‌ಎ/ಅವೆಂಜರ್ಸ್' ಆ ಆಮ್ನಿಬಸ್‌ನಲ್ಲಿದೆ ಅಂದುಕೊಂಡು ಕೊಳ್ಳಬೇಡಿ, ಇಲ್ಲ. ಪೆರೆಝ್ ಕಾಯಿಲೆ ಬಿದ್ದಾಗ, 2022ರಲ್ಲಿ, ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಹೀರೋ ಇನಿಶಿಯೇಟಿವ್ ಸಂಸ್ಥೆಯ ಸಹಾಯಾರ್ಥ 7000 ಪ್ರತಿ ಅಚ್ಚಾಗಿ ಕೂಡಲೇ ಖಾಲಿಯಾಯಿತು.

ಕೊಳ್ಳುವ ಮುಂಚೆ

ಆಮ್ನಿಬಸ್ ಮಲಗಿ ಓದುವ ಪುಸ್ತಕವಲ್ಲ. ಎದೆ ಮೇಲಿಟ್ಟುಕೊಂಡರೆ ಉಸಿರು ಕಟ್ಟುತ್ತದೆ, ಮೇಜಿನ ಮೇಲೆ ಹರಡಿಕೊಂಡೇ ಕೂರಬೇಕು. ಬಸ್ಸು-ಮೆಟ್ರೊದಲ್ಲಿ ಓದುವವರು ಎಪಿಕ್, ಫೈನೆಸ್ಟ್ ಅಥವಾ ಹಳೇ ಎಸೆನ್ಶಿಯಲ್‌ಗೆ ಸುಮ್ಮನೆ ಕೈ ಹಾಕಿ. ದಪ್ಪ ಪುಸ್ತಕ ಅಂಟಿನ ಬೈಂಡಿಂಗ್ ಆದರೆ ಎರಡು ಪುಟ ಹರಡಿದ ಚಿತ್ರದ ನಡುಭಾಗ ಹೊಟ್ಟೆಯೊಳಗೆ ಹೋಗಿಬಿಡುತ್ತದೆ. ಹೊಲಿಗೆ ಬೈಂಡಿಂಗ್ ಆದರೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಮಾರ್ವೆಲ್ ಅನ್‌ಲಿಮಿಟೆಡ್ ಚಂದಾದಲ್ಲಿ ಹಳೇ ಸಂಚಿಕೆಗಳನ್ನು ಒಂದೆರಡು ತಿಂಗಳು ಓದಿ ನೋಡಿ, ಯಾವ ತುಣುಕು ರುಚಿಸಿತೋ ಅದನ್ನಷ್ಟೇ ಪುಸ್ತಕವಾಗಿ ಕೊಳ್ಳುವುದು ಜಾಣತನ. ಹತ್ತಿಂಚಿನ ಟ್ಯಾಬ್ಲೆಟ್ ಇದ್ದರೆ ಸುಖ, ಫೋನಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಬೆರಳು ಸವೆಯುತ್ತದೆ.

ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತರಿಸುವಾಗ ಮುಖಪುಟದ ಫೋಟೊ ನೋಡಿ ಮರುಳಾಗಬೇಡಿ, ಬೆನ್ನಿನದೂ ಕೇಳಿ. ಬೆನ್ನಿನ ನಡುವೆ ಬಿಳೀ ಗೆರೆ ಕಂಡರೆ ಅಂಟು ಅಲ್ಲಿ ಒಡೆದಿದೆ ಅಂತ ಅರ್ಥ. ನಾನು ಒಂದು ಕಡೆಯಿಂದ ತರಿಸಿದ ಟು-ಇನ್-ಒನ್ ನಾಲ್ಕನೇ ಸಂಪುಟ ಫೋಟೊದಲ್ಲಿ ಹೊಸದರಂತೆಯೇ ಇತ್ತು. ಕೈಗೆ ಬಂದಾಗ ನಟ್ಟನಡುವೆ ಹದಿನಾರು ಪುಟ ಇರಲಿಲ್ಲ. ಮಾರಿದವರು ತಲೆ ಕೆಡಿಸಿಕೊಳ್ಳಲಿಲ್ಲ. ಬಾರಿನ ಬಾಗಿಲು ತಳ್ಳಿ ಒಳಗೆ ಹೋದ ಥಿಂಗ್ ಸ್ಯಾಂಡ್‌ಮನ್‌ಗೆ ಹೊಡೆದನೋ ಇಲ್ಲವೋ ಅಂತ ತಿಳಿಯಲು ಇನ್ನೊಂದು ಪ್ರತಿ ಸಿಗುವವರೆಗೆ ಎಂಟು ತಿಂಗಳು ಕಾದೆ.